ಹೊನಲು ಬೆಳಕಿಗೂ ದಂಡೆ ಬೇಕು

ಜನವರಿಯ ಒಂದು ರಾತ್ರಿ ಕಣದಲ್ಲಿ ಹರಡಿದ್ದ ಕಾಫಿಯನ್ನು ಗುಡ್ಡೆ ಹಾಕಿ ಟಾರ್ಪಾಲು ಹೊದಿಸಲು ಹೊರಗೆ ಹೋಗಿದ್ದೆ. ಸಂಜೆ ನೆಂಟರು ಬಂದಿದ್ದರಿಂದ ಕೆಲಸ ತಡವಾಗಿ ಗಂಟೆ ಹತ್ತು ದಾಟಿತ್ತು. ಕೈಯಲ್ಲಿ ಟಾರ್ಚ್ ಇತ್ತು, ಹಚ್ಚಬೇಕಾಗಲಿಲ್ಲ. ಗದ್ದೆಬಯಲಿನ ಆಚೆ ಬದಿಯ ಮೈದಾನದಲ್ಲಿ ಉರಿಯುತ್ತಿದ್ದ ದೀಪಗಳ ಬೆಳಕಿನಲ್ಲಿ, ಯಾವ ಮೂಲೆಯ ಹಣ್ಣು ಒಣಗಿದೆ, ಯಾವುದು ಇನ್ನೂ ಹಸಿಯಿದೆ ಎಂದು ಕೂಡ ಹೇಳಬಹುದಿತ್ತು. ಟಾರ್ಪಾಲಿನ ಅಂಚಿಗೆ ಕಲ್ಲು ಹೇರಲು ಬಗ್ಗಿದರೆ ನನ್ನ ನೆರಳು ಎರಡಾಗಿ, ಒಂದು ಗೋದಾಮಿನ ಗೋಡೆಯ ಮೇಲೂ ಇನ್ನೊಂದು ಬಾವಿಕಟ್ಟೆಯ ಮೇಲೂ ಬಿತ್ತು. ಮದುವೆಯಾಗಿ ಬಂದಾಗಿನಿಂದ ಈ ಕಣದಲ್ಲಿ ಕಾಫಿ ಒಣಗಿಸುತ್ತಿದ್ದೇನೆ. ಕತ್ತಲೆಯಲ್ಲೂ ಇದರ ಒಂದೊಂದು ಮೂಲೆ ಕಾಲಿಗೆ ಗೊತ್ತು. ಆ ಬೆಳಕಿನಲ್ಲಿ ನಿಂತಾಗ ಅದು ಬೇರೆ ಯಾರದೋ ಅಂಗಳ ಅನ್ನಿಸಿತು. ಒಳಗೆ ಬಂದು ಅತ್ತೆಯ ಕೋಣೆಯ ಕಿಟಕಿಗೆ ಹಳೆಯ ಕಂಬಳಿಯೊಂದನ್ನು ಕಟ್ಟಿದೆ. ಅತ್ತೆಗೆ ಎಂಬತ್ತೆಂಟು ವರ್ಷ. ಆ ದೀಪಗಳು ಬಂದ ಮೇಲೆ ನಡುವೆ ಎಚ್ಚರವಾದಾಗಲೆಲ್ಲ ಎದ್ದು ಕುಳಿತು, "ಬೆಳಗಾಯಿತಲ್ಲ, ಹಸುವಿಗೆ ಹುಲ್ಲು ಹಾಕಿದೆಯಾ?" ಎಂದು ಕೇಳುತ್ತಾರೆ.

ಮುಂದಿನ ಗ್ರಾಮಸಭೆಯಲ್ಲಿ ಈ ಮಾತೆತ್ತಿದೆ. ರಸ್ತೆ, ಕುಡಿಯುವ ನೀರು, ಆನೆ ಕಂದಕ ಎಲ್ಲ ಮುಗಿದ ಮೇಲೆ, ಅರ್ಧ ಜನ ಎದ್ದು ಹೋಗಿದ್ದಾಗ. ಯುವಕ ಸಂಘದ ಕಾರ್ಯದರ್ಶಿ ಎದ್ದು ನಿಂತ. ನಾಲ್ಕನೆಯ ತರಗತಿಯಲ್ಲಿ ನನ್ನ ಬಳಿ ಓದಿದವನು. "ಟೀಚರ್, ಹಾಗಾದರೆ ನಾವು ಆಡುವುದು ನಿಮಗೆ ಬೇಡವೇ?" ಎಂದ. ಸಿಟ್ಟಿನಿಂದ ಕೇಳಿದ್ದರೆ ನಾನೂ ಏನೋ ಒಂದು ಹೇಳಿಬಿಡುತ್ತಿದ್ದೆ. ಅವನ ದನಿಯಲ್ಲಿ ನೋವಿತ್ತು. ಅಲ್ಲಿ ನನಗೆ ಸರಿಯಾದ ಉತ್ತರ ಬರಲಿಲ್ಲ. ಅಂದಿನಿಂದ ಮನಸ್ಸಿನಲ್ಲೇ ಅವನಿಗೆ ಉತ್ತರ ಹೇಳುತ್ತಾ ಇದ್ದೇನೆ.

ಆಟ ಬೇಡವೆಂದು ಹೇಳುವುದು ಹೇಗೆ

ಕೊಡಗಿನಲ್ಲಿ ಹುಟ್ಟಿ ಆಟ ಬೇಡವೆನ್ನುವುದು ಸಾಧ್ಯವೇ? 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಉತ್ಸವ ಆರಂಭಿಸಿದಾಗ ಸೇರಿದ್ದು ಅರುವತ್ತು ಕುಟುಂಬಗಳು. 2024ರಲ್ಲಿ ನಾಪೋಕ್ಲುವಿನಲ್ಲಿ ಅದು 360 ಮುಟ್ಟಿತು. ನಮ್ಮ ಮನೆತನದ ತಂಡ ಮೊದಲ ಸುತ್ತಿನಲ್ಲೇ ಸೋತ ವರ್ಷಗಳಲ್ಲೂ ಬುತ್ತಿ ಕಟ್ಟಿಕೊಂಡು ಹೋಗಿ ಮೆಟ್ಟಿಲ ಮೇಲೆ ಕುಳಿತಿದ್ದೇನೆ. ನಾನು ಕಂಡ ಆ ಪಂದ್ಯಗಳೆಲ್ಲ ಹಗಲಿನವು, ಏಪ್ರಿಲ್ ಬಿಸಿಲಿನವು. ನಮ್ಮೂರಿನ ಮೈದಾನವೂ ಮೊದಲು ಹಗಲಿನದೇ ಆಗಿತ್ತು. ಅದಕ್ಕೂ ಮೊದಲು ಅದು ಗದ್ದೆ. ಕೊಯ್ಲು ಮುಗಿದ ಮೇಲೆ ಕೂಳೆ ಕೆತ್ತಿ ಹುಡುಗರು ಚೆಂಡು ಬಾರಿಸುತ್ತಿದ್ದರು, ಮಳೆ ಹಿಡಿದರೆ ಆಟ ಮುಗಿಯುತ್ತಿತ್ತು.

ದೀಪ ಏಕೆ ಬೇಕಾಯಿತು ಎಂಬುದೂ ನನಗೆ ಗೊತ್ತು. ಈಗಿನ ಹುಡುಗರಲ್ಲಿ ಯಾರೂ ಸಂಜೆ ನಾಲ್ಕಕ್ಕೆ ಬಿಡುವಾಗಿರುವುದಿಲ್ಲ. ಒಬ್ಬ ವಿರಾಜಪೇಟೆಯ ಅಂಗಡಿಯಲ್ಲಿದ್ದಾನೆ, ಒಬ್ಬ ಹೋಂಸ್ಟೇಗೆ ಜೀಪು ಓಡಿಸುತ್ತಾನೆ, ಇಬ್ಬರು ತೋಟದಲ್ಲಿ ರೈಟರ್. ಅವರು ಬಂದು ಶೂ ಕಟ್ಟುವ ಹೊತ್ತಿಗೆ ಸೂರ್ಯ ಬೆಟ್ಟದ ಹಿಂದೆ ಇಳಿದಿರುತ್ತಾನೆ. ಕಳೆದ ವರ್ಷದಿಂದ ಹೆಣ್ಣುಮಕ್ಕಳೂ ಅಭ್ಯಾಸಕ್ಕೆ ಬರುತ್ತಿದ್ದಾರೆ, ಅದನ್ನು ನೋಡುವಾಗ ನನಗೆ ಆಗುವ ಸಂತೋಷ ಅಷ್ಟಿಷ್ಟಲ್ಲ. ಮೊಬೈಲ್ ಹಿಡಿದು ಬಸ್ ತಂಗುದಾಣದಲ್ಲಿ ಕೂರುವ ಬದಲು ಬೆವರು ಹರಿಸಿ ಮನೆಗೆ ಹೋಗುವ ಮಕ್ಕಳಿಗೆ ದೀಪ ಬೇಡವೆನ್ನುವಷ್ಟು ಕಲ್ಲು ಮನಸ್ಸು ನನ್ನದಲ್ಲ. ಕಂಬಗಳಿಗೆ ಚಂದಾ ಎತ್ತಿದಾಗ ನಾವೂ ಕೊಟ್ಟಿದ್ದೇವೆ.

ಇಂಥ ಪಂದ್ಯಗಳ ಕರಪತ್ರದಲ್ಲಿ ‘ಹೊನಲು ಬೆಳಕಿನ’ ಎಂದು ಅಚ್ಚಾಗಿರುತ್ತದೆ. ಹೊನಲು ಬೆಳಕಿನ ಕಬಡ್ಡಿ, ಹೊನಲು ಬೆಳಕಿನ ವಾಲಿಬಾಲ್. ಯಾರು ಕಟ್ಟಿದ ಪದವೋ, ಚೆಂದದ ಪದ. ಹೊನಲು ಎಂದರೆ ಹರಿಯುವ ನೀರು. 2019ರ ಆಗಸ್ಟಿನಲ್ಲಿ ಕರಡಿಗೋಡಿನಲ್ಲಿ ಕಾವೇರಿ ಮನೆಗಳ ಒಳಗೆ ನುಗ್ಗಿದ್ದನ್ನು ಕಂಡವರಿಗೆ ದಂಡೆ ಮೀರಿದ ಹೊನಲು ಎಂದರೇನು ಎಂದು ಹೇಳಿಕೊಡಬೇಕಾಗಿಲ್ಲ. ಬೆಳಕು ಯಾರ ಮನೆಯನ್ನೂ ಕೊಚ್ಚಿಕೊಂಡು ಹೋಗುವುದಿಲ್ಲ ನಿಜ, ಆ ನಷ್ಟಕ್ಕೆ ಇದನ್ನು ಹೋಲಿಸುವುದೂ ತಪ್ಪು. ಆದರೂ ಪದ ಕಟ್ಟಿದವರು ಅದರೊಳಗೆ ಒಂದು ಎಚ್ಚರಿಕೆಯನ್ನು ಇಟ್ಟಿದ್ದಾರೆ ಎಂದು ನನಗೆ ಅನ್ನಿಸುತ್ತದೆ.

ಗಿಡ್ಡ ಕಂಬ

ಆ ಬೆಳಕು ನಮ್ಮ ಕಣಕ್ಕೆ ಏಕೆ ಬರುತ್ತದೆ? ತುಂಬಾ ದಿನ ನಾನು ‘ದೀಪ ಜಾಸ್ತಿಯಾಯಿತು’ ಎಂದೇ ತಿಳಿದಿದ್ದೆ. ಕಾರಣ ಬೇರೆಯೇ ಇದೆ ಎಂದು ತಿಳಿದದ್ದು ನಮ್ಮ ಪಂಪ್‌ಸೆಟ್ ನೋಡಲು ಬರುವ ಎಲೆಕ್ಟ್ರಿಷಿಯನ್ ವಿವರಿಸಿದ ಮೇಲೆ. ಮೈದಾನದ ಕಂಬಗಳು ಗಿಡ್ಡ, ಮೂವತ್ತು ಅಡಿ ಇದ್ದರೆ ಹೆಚ್ಚು. ಬೆಳಕು ಮೈದಾನದ ನಡುವಿಗೆ ಮುಟ್ಟಬೇಕಾದರೆ ದೀಪದ ಮುಖವನ್ನು ಮೇಲಕ್ಕೆ ಎತ್ತಲೇಬೇಕು. ಎತ್ತಿದ ಮುಖದಿಂದ ಹೊರಟ ಬೆಳಕು ಎದುರು ಗೆರೆಯಲ್ಲಿ ನಿಲ್ಲದೆ ಗದ್ದೆ ದಾಟಿ, ಏರಿ ಹತ್ತಿ, ನಮ್ಮ ಗೋಡೆಗೆ ಬಡಿಯುತ್ತದೆ. ಎತ್ತರದ ಕಂಬದಿಂದ ಬೆಳಕನ್ನು ನೆಟ್ಟಗೆ ಕೆಳಗೆ ಸುರಿಯಬಹುದು. ಎತ್ತರ ಕಂಬ ಎಂದರೆ ಊರಿಗೆಲ್ಲ ಬೆಳಕು, ಗಿಡ್ಡ ಕಂಬ ಎಂದರೆ ಮೈದಾನಕ್ಕಷ್ಟೇ ಎಂದು ನಾವೆಲ್ಲ ಭಾವಿಸಿದ್ದೆವು. ಸಂಗತಿ ತಿರುವುಮುರುವು.

ಎತ್ತರದ ಕಂಬಕ್ಕೆ ದುಡ್ಡು ಹೆಚ್ಚು, ಸಂಘದ ಬಳಿ ಅಷ್ಟು ಇರಲಿಲ್ಲ. ಅದಕ್ಕೆ ಯಾರನ್ನೂ ದೂರುವಂತಿಲ್ಲ. ಆದರೆ ಇರುವ ಕಂಬದಲ್ಲೂ ಮಾಡಬಹುದಾದದ್ದಿದೆ. ದೀಪದ ನೆತ್ತಿಗೂ ಬದಿಗೂ ತಗಡಿನ ಮರೆ ಕಟ್ಟಬಹುದು. ಮುಖ ಭೂಮಿಗೆ ಸಮನಾಗಿದ್ದೂ ಬೆಳಕನ್ನು ಒಂದೇ ಬದಿಗೆ ಚೆಲ್ಲುವ ದೀಪಗಳು ಸಿಗುತ್ತವೆ, ಮುಂದಿನ ಸಲ ಬದಲಿಸುವಾಗ ಅವನ್ನು ತರಬಹುದು. ಇನ್ನೊಂದು ಸಂಗತಿ ಬಣ್ಣದ್ದು. ನಮ್ಮ ಮೈದಾನದಲ್ಲಿರುವುದು ನೀಲಿ ಛಾಯೆಯ ಬಿಳಿ ಎಲ್‌ಇಡಿ. ನೀಲಿ ಬೆಳಕು ಗಾಳಿಯಲ್ಲಿ ಹೆಚ್ಚು ಚದುರುತ್ತದೆ, ಆಕಾಶ ನೀಲಿಯಾಗಿ ಕಾಣುವುದೂ ಅದೇ ಕಾರಣಕ್ಕೆ. ನಮ್ಮ ಮಂಜಿನಲ್ಲಿ ಆ ಬೆಳಕು ಮೈದಾನದ ಮೇಲೆ ಬಿಳಿಯ ಗುಡಾರದಂತೆ ನಿಂತುಬಿಡುತ್ತದೆ. ಮೂರು ಕಿಲೋಮೀಟರ್ ದೂರದ ತವರಿನಿಂದಲೂ ನಾನು ಅದನ್ನು ಗುರುತಿಸಬಲ್ಲೆ. ಹಳದಿ ಛಾಯೆಯ, ಬೆಳಕಿನ ಬಣ್ಣದ ಅಳತೆಯಲ್ಲಿ 3000 ಕೆಲ್ವಿನ್‌ಗಿಂತ ಮೇಲೆ ಹೋಗದ ದೀಪ ಒಳ್ಳೆಯದು ಎಂದು ರಾತ್ರಿಯ ಆಕಾಶದ ಬಗ್ಗೆ ಕೆಲಸ ಮಾಡುವವರು ಹೇಳುತ್ತಾ ಬಂದಿದ್ದಾರೆ.

ಎಲ್‌ಇಡಿಯಿಂದ ಒಂದು ಉಪಕಾರವೂ ಆಗಿದೆ. ಹಿಂದಿನ ಮೆಟಲ್ ಹ್ಯಾಲೈಡ್ ದೀಪ ಒಮ್ಮೆ ಆರಿಸಿದರೆ ತಣ್ಣಗಾಗಿ ಮತ್ತೆ ಹೊತ್ತಿಕೊಳ್ಳಲು ಹತ್ತು ಹದಿನೈದು ನಿಮಿಷ ಬೇಕು, ಹಾಗಾಗಿ ಆಟವಿಲ್ಲದಿದ್ದರೂ ಉರಿಸಿಯೇ ಇಡುತ್ತಿದ್ದರು. ಎಲ್‌ಇಡಿ ಗುಂಡಿ ಒತ್ತಿದ ಕ್ಷಣ ಆರುತ್ತದೆ, ಒತ್ತಿದ ಕ್ಷಣ ಹೊತ್ತುತ್ತದೆ. ಆಟ ಮುಗಿದು ಹುಡುಗರು ಬೈಕಿನ ಮೇಲೆ ಕುಳಿತು ಮಾತಾಡುವ ಮುಕ್ಕಾಲು ಗಂಟೆ ಇಪ್ಪತ್ತು ದೀಪಗಳೂ ಉರಿಯುವುದಕ್ಕೆ ಈಗ ಯಾವ ಕಾರಣವೂ ಉಳಿದಿಲ್ಲ.

ಅಳತೆಯ ಮಾತನ್ನೂ ಹೇಳಿಬಿಡುತ್ತೇನೆ. ಬೆಳಕನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ. ನೆತ್ತಿಯ ಮೇಲಿನ ಹುಣ್ಣಿಮೆಯ ಚಂದ್ರ ಕೊಡುವುದು ಒಂದು ಲಕ್ಸ್‌ನ ಸುಮಾರು ಕಾಲುಭಾಗ. ಅದರಲ್ಲಿ ನಾವು ಒಂದು ಕಾಲದಲ್ಲಿ ಭತ್ತದ ಹೊರೆ ಹೊತ್ತು ಗದ್ದೆಯ ಬದುವಿನ ಮೇಲೆ ನಡೆದಿದ್ದೇವೆ. ಯೂರೋಪಿನ ಮಾನದಂಡದ ಪ್ರಕಾರ ಅಭ್ಯಾಸದ ಮಟ್ಟದ ಫುಟ್‌ಬಾಲಿಗೆ 75 ಲಕ್ಸ್ ಸಾಕು, ಅದಕ್ಕಿಂತ ಮೇಲಿನ ಮಟ್ಟದ ಪಂದ್ಯಕ್ಕೆ 200. ಮೈದಾನದ ಒಳಗೆ ಅಷ್ಟಿರಲಿ. ಮನೆಯ ಕಿಟಕಿಯ ಮೇಲೆ ಎಷ್ಟು ಬೀಳಬಹುದು ಎಂಬುದಕ್ಕೂ ಲೆಕ್ಕವಿದೆ. ವಿಯೆನ್ನಾದಲ್ಲಿರುವ ಅಂತರರಾಷ್ಟ್ರೀಯ ಬೆಳಕಿನ ಆಯೋಗ ತನ್ನ ಮಾರ್ಗಸೂಚಿಯಲ್ಲಿ ಹಳ್ಳಿಗಾಡಿನ ಮನೆಗಳಿಗೆ ಸಂಜೆ 5 ಲಕ್ಸ್, ರಾತ್ರಿಯ ಗಡುವು ದಾಟಿದ ಮೇಲೆ 1 ಲಕ್ಸ್ ಎಂದು ಮಿತಿ ಹಾಕಿದೆ. ಆ ಎರಡು ಅಂಕಿಗಳಿಗಿಂತ ಅವುಗಳ ನಡುವಿನ ‘ಗಡುವು’ ಎಂಬ ಮಾತೇ ನನಗೆ ಹೆಚ್ಚು ಹಿಡಿಸಿತು. ಸಂಜೆಗೆ ಒಂದು ನ್ಯಾಯ, ರಾತ್ರಿಗೆ ಒಂದು ನ್ಯಾಯ.

ಗೇಟಿನ ಆಚೆ

ದೀಪ ಬಂದ ವರ್ಷದ ಅಕ್ಟೋಬರಿನಲ್ಲಿ ಒಂದು ಫೈನಲ್ ನೋಡಲು ಹೋಗಿದ್ದೆ. ನನ್ನ ಮೈದುನನ ಮಗ ಆಡುತ್ತಿದ್ದ. ಗೆದ್ದರು. ಕಪ್ ಹಿಡಿದು ಫೋಟೊ ತೆಗೆಸಿಕೊಂಡು, ಒಂಬತ್ತೂವರೆಗೆ ನಾವು ಆರೇಳು ಜನ ತೋಟದ ರಸ್ತೆಯಲ್ಲಿ ಮನೆಗೆ ಹೊರಟೆವು. ಮೈದಾನದ ಗೇಟು ದಾಟಿ ತಿರುವು ತೆಗೆದುಕೊಂಡದ್ದೇ ತಡ, ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿದಂತಾಯಿತು. ಟಾರ್ಚ್ ಹಚ್ಚಿದರೂ ಅದರ ಬೆಳಕು ಎರಡು ಮಾರು ಆಚೆಗೆ ಹೋಗಿ ಸತ್ತಿತು. ಬೆನ್ನ ಹಿಂದೆ ಇಡೀ ಆಕಾಶ ಬೆಳ್ಳಗಿತ್ತು, ಮುಂದೆ ಏನೂ ಇರಲಿಲ್ಲ. ನಾವು ಜೋರಾಗಿ ಮಾತಾಡುತ್ತಾ ಹೋದೆವು. ಜೊತೆಗಿದ್ದ ನಾಯಿ ಮೊದಲು ನಿಂತಿತು. ಆಮೇಲೆ ವಾಸನೆ ಬಂತು. ಆ ವಾಸನೆ ಗೊತ್ತಿದ್ದವರಿಗೆ ಎರಡನೆಯ ಮಾತು ಬೇಕಾಗಿಲ್ಲ. "ದೊಡ್ಡಮ್ಮ, ನಿಲ್ಲಿ" ಎಂದು ಹುಡುಗ ನನ್ನ ತೋಳು ಹಿಡಿದ. ಅವನ ಬೆರಳುಗಳು ಇನ್ನೂ ಬೆವರಿನಿಂದ ಒದ್ದೆಯಾಗಿದ್ದವು.

ಕಾಣಿಸಲಿಲ್ಲ. ಹೊಟ್ಟೆಯ ಗುಡುಗುಡು ಮಾತ್ರ ಕೇಳಿಸುತ್ತಿತ್ತು, ಒಂದು ಬೈನೆ ಗರಿ ಮುರಿದ ಸದ್ದು ಕೇಳಿಸಿತು. ಎಷ್ಟು ಹೊತ್ತು ನಿಂತೆವೋ. ನಿಧಾನಕ್ಕೆ, ಕೆಸರಿನ ನೀರು ತಿಳಿಯಾಗುವ ಹಾಗೆ, ರಸ್ತೆಯ ಅಂಚಿನ ಸಿಲ್ವರ್ ಓಕ್ ಮರಗಳು ಒಂದೊಂದಾಗಿ ಬೇರೆಬೇರೆಯಾದವು. ಎರಡು ಮರಗಳ ನಡುವೆ ಇದ್ದದ್ದು ಮರವಾಗಿರಲಿಲ್ಲ. ಮೂವತ್ತು ಹೆಜ್ಜೆಯೂ ಇರಲಿಲ್ಲ. ಅದು ನಮ್ಮನ್ನು ಮೊದಲಿನಿಂದಲೂ ನೋಡುತ್ತಿತ್ತು. ತನ್ನ ಪಾಡಿಗೆ ಕಾಫಿ ಸಾಲಿನ ಒಳಗೆ ಇಳಿದು ಹೋಯಿತು.

ಕೊಡಗಿನಲ್ಲಿ ದೀಪದ ಪರವಾಗಿ ಯಾರೇ ಮಾತಾಡಿದರೂ ಮೊದಲು ಹೇಳುವುದು ಆನೆ. ಬೆಳಕಿದ್ದರೆ ಆನೆ ಕಾಣುತ್ತದೆ, ಬೆಳಕು ಎಂದರೆ ರಕ್ಷಣೆ. ಅಮ್ಮತ್ತಿ, ಸಿದ್ದಾಪುರ, ಪಾಲಿಬೆಟ್ಟದ ಕಡೆ ಆನೆಗೆ ಜನ ಬಲಿಯಾಗುತ್ತಲೇ ಇರುವಾಗ ಆ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಆದರೆ ಅಂದು ರಾತ್ರಿ ನಮ್ಮ ಕಣ್ಣು ಕಟ್ಟಿದ್ದು ಬೆಳಕೇ. ಪ್ರಖರ ಬೆಳಕಿನಿಂದ ಬಂದ ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ನಮ್ಮ ಮನೆ ಮೈದಾನದಿಂದ ಹತ್ತು ನಿಮಿಷದ ದಾರಿ. ಅಂದರೆ ಆ ಮೈದಾನದಿಂದ ನಡೆದು ಹೊರಡುವ ಮಕ್ಕಳಲ್ಲಿ ಬಹಳಷ್ಟು ಮಂದಿ ಕಣ್ಣು ತಿಳಿಯಾಗುವ ಮೊದಲೇ ಆನೆಯ ದಾರಿಯಲ್ಲಿರುತ್ತಾರೆ. ಪಂದ್ಯ ಮುಗಿದ ಮೇಲೆ ದೊಡ್ಡ ದೀಪಗಳನ್ನು ಆರಿಸಿ, ಗೇಟಿನ ಬಳಿ ನೆಲಕ್ಕೆ ಮುಖ ಮಾಡಿದ ಒಂದೆರಡು ಮಂದ ಹಳದಿ ದೀಪಗಳಲ್ಲಿ ಎಲ್ಲರೂ ಸ್ವಲ್ಪ ಹೊತ್ತು ನಿಂತು ಹೊರಡಲಿ ಎಂದು ನಾನು ಕೇಳುವುದು ನನ್ನ ಅತ್ತೆಯ ನಿದ್ದೆಗಾಗಿ ಮಾತ್ರವಲ್ಲ.

(ಆನೆಗಳಂಥ ದೊಡ್ಡ ಜೀವಗಳ ಮಾತಿನ ನಡುವೆ ಸಣ್ಣವು ಮರೆಯುತ್ತವೆ. ಮೇ ತಿಂಗಳಲ್ಲಿ ಮೊದಲ ಮಳೆ ಬಿದ್ದ ಮೇಲೆ ನಮ್ಮ ಗದ್ದೆಯಂಚಿನ ಮರಗಳಲ್ಲಿ ಮಿಂಚುಹುಳುಗಳು ಒಟ್ಟೊಟ್ಟಿಗೆ ಹೊತ್ತಿ ಆರುತ್ತಿದ್ದವು. ಗಂಡು ಮಿನುಗಿ ಕರೆದಾಗ ಹೆಣ್ಣು ಮಿನುಗಿ ಓಗೊಡಬೇಕು, ಅವುಗಳ ಸಂಸಾರ ನಿಂತಿರುವುದು ಅದರ ಮೇಲೆ. ಈಗ ಮೈದಾನದ ಕಡೆಯ ಮರಗಳಲ್ಲಿ ನನಗೆ ಅವು ಕಾಣುತ್ತಿಲ್ಲ. ಹೊಳೆಯ ಕಡೆ, ಕತ್ತಲಿರುವಲ್ಲಿ, ಇನ್ನೂ ಇವೆ.)

ಸದ್ದಿಗಿರುವ ಕಾನೂನು

ರಾತ್ರಿ ಹತ್ತಾದರೆ ಮೈಕ್ ಬಂದ್ ಎಂಬುದು ನಮ್ಮೂರಿನ ಮಕ್ಕಳಿಗೂ ಗೊತ್ತು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕವನ್ನು ನಿಷೇಧಿಸಿವೆ. ಹಬ್ಬ ಉತ್ಸವಗಳಿಗೆಂದು ವರ್ಷಕ್ಕೆ ಹದಿನೈದು ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಸುವ ಅವಕಾಶ ರಾಜ್ಯ ಸರ್ಕಾರಕ್ಕಿದೆ. ಅಂದು ನನ್ನ ಕಣದಲ್ಲೂ ಹತ್ತಕ್ಕೆ ಸರಿಯಾಗಿ ವೀಕ್ಷಕ ವಿವರಣೆಯವನ ದನಿ ನಿಂತಿತು. ದೀಪ ಮಾತ್ರ ಉರಿಯುತ್ತಲೇ ಇತ್ತು, ಏಕೆಂದರೆ ಬೆಳಕಿನ ಬಗ್ಗೆ ಅಂಥ ನಿಯಮ ನಮ್ಮಲ್ಲಿಲ್ಲ. 1986ರ ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ಮಾಲಿನ್ಯಕಾರಕ ಎಂದರೆ ಘನ, ದ್ರವ ಅಥವಾ ಅನಿಲ ರೂಪದ ವಸ್ತು. ಬೆಳಕು ಮೂರೂ ಅಲ್ಲ. ಸದ್ದೂ ಮೂರೂ ಅಲ್ಲ. ಆದರೆ 1981ರ ವಾಯುಮಾಲಿನ್ಯ ಕಾಯ್ದೆಗೆ 1987ರಲ್ಲಿ ತಿದ್ದುಪಡಿ ತಂದು ‘ಶಬ್ದವೂ ಸೇರಿ’ ಎಂಬ ಮಾತನ್ನು ಅದರ ವ್ಯಾಖ್ಯೆಗೆ ಸೇರಿಸಿದರು. ಬೆಳಕಿಗೂ ಅಂಥದೊಂದು ಮಾತು ಸೇರಿಸುವುದು ಅಸಾಧ್ಯವೇನೂ ಆಗಬಾರದು.

ಲಡಾಖಿನ ಹಾನ್ಲೆಯನ್ನು 2022ರಲ್ಲಿ ಕತ್ತಲ ಆಕಾಶದ ಮೀಸಲು ಪ್ರದೇಶವೆಂದು ಘೋಷಿಸಿದರು, 2024ರಲ್ಲಿ ಮಹಾರಾಷ್ಟ್ರದ ಪೆಂಚ್ ಹುಲಿ ಮೀಸಲಿಗೂ ಅಂಥ ಮನ್ನಣೆ ಬಂತು. ಒಳ್ಳೆಯದೇ. ಆದರೆ ಅವು ನಕ್ಷತ್ರಕ್ಕಾಗಿ, ದೂರದರ್ಶಕಕ್ಕಾಗಿ, ಕಾಡಿಗಾಗಿ. ಮನೆಯೊಳಗೆ ಮಲಗಿರುವವರ ಕತ್ತಲನ್ನು ಕಾನೂನು ಲೆಕ್ಕಕ್ಕೆ ತೆಗೆದುಕೊಂಡಿರುವುದು ಇಂಗ್ಲೆಂಡಿನಲ್ಲಿ. ಅಲ್ಲಿ 2005ರ ಒಂದು ಕಾಯ್ದೆಯಿಂದಾಗಿ, ನೆರೆಯವರಿಗೆ ತೊಂದರೆ ಕೊಡುವ ಕೃತಕ ಬೆಳಕೂ ಹೊಗೆ, ಸದ್ದುಗಳ ಹಾಗೆ ಸ್ಥಳೀಯ ಆಡಳಿತ ತಡೆಯಬಹುದಾದ ಉಪದ್ರವ. ಅದರಲ್ಲಿ ಕ್ರೀಡಾಂಗಣಗಳಿಗೆ ಒಂದು ರಕ್ಷಣೆಯನ್ನೂ ಕೊಟ್ಟಿದ್ದಾರೆ: ಬೆಳಕು ಸೋರದಂತೆ ಮಾಡಲು ಸಾಧ್ಯವಿದ್ದದ್ದನ್ನೆಲ್ಲ ಮಾಡಿದ್ದೇವೆ ಎಂದು ತೋರಿಸಿಕೊಟ್ಟರೆ ಅವರ ಮೇಲೆ ತಪ್ಪು ಹೊರಿಸುವಂತಿಲ್ಲ. ಇದು ನನಗೆ ಬಹಳ ಒಪ್ಪಿಗೆಯಾಯಿತು. ಆಟ ನಿಲ್ಲಿಸಿ ಎಂದು ಅದು ಹೇಳುವುದಿಲ್ಲ. ಮರೆ ಕಟ್ಟಿದ್ದೀರಾ, ಮುಖ ಬಗ್ಗಿಸಿದ್ದೀರಾ, ಹೊತ್ತಿಗೆ ಸರಿಯಾಗಿ ಆರಿಸಿದ್ದೀರಾ ಎಂದಷ್ಟೇ ಕೇಳುತ್ತದೆ.

ನಮ್ಮಲ್ಲೂ ಸಾರ್ವಜನಿಕ ಉಪದ್ರವವೆಂದು ತಹಶೀಲ್ದಾರರ ಮುಂದೆ ಅರ್ಜಿ ಹಾಕಬಹುದು, ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮು ಇದೆ ಎಂದು ವಕೀಲರಾಗಿರುವ ನೆಂಟರೊಬ್ಬರು ಹೇಳಿದರು. ನಾನು ಅಕ್ಷರ ಕಲಿಸಿದ ಮಕ್ಕಳ ಮೇಲೆ ಅರ್ಜಿ ಬರೆಯಲು ನನ್ನ ಕೈ ಏಳಲಿಲ್ಲ. ನನಗೆ ಬೇಕಾದದ್ದು ಮೈದಾನಕ್ಕೆ ಅನುಮತಿ ಕೊಡುವಾಗಲೇ ಪಂಚಾಯಿತಿ ನಾಲ್ಕು ಷರತ್ತು ಬರೆಯುವುದು. ದಿನದ ಅಭ್ಯಾಸ ಎಂಟೂವರೆಗೆ ಮುಗಿಯಲಿ. ಪಂದ್ಯಾವಳಿಗೆ ಹತ್ತರವರೆಗೆ, ಅದೂ ವರ್ಷದಲ್ಲಿ ಇಂತಿಷ್ಟೇ ದಿನ, ಮೊದಲೇ ಊರಿಗೆ ತಿಳಿಸಿ. ದೀಪ ಹಾಕುವ ಮೊದಲು ಸುತ್ತಲ ಮನೆಗಳ ಅಂಗಳದಿಂದ ಒಮ್ಮೆ ನೋಡಲಿ. ಈಗ ಊರೂರಿಗೆ ಬರುತ್ತಿರುವ ಬಾಡಿಗೆಯ ಟರ್ಫ್‌ಗಳಿಗೆ ಇದು ಇನ್ನೂ ಬಿಗಿಯಾಗಿ ಅನ್ವಯಿಸಬೇಕು, ಅಲ್ಲಿ ಗಂಟೆಗೆ ದುಡ್ಡು; ದೀಪ ಆರಿಸುವ ಮನಸ್ಸು ತಾನಾಗಿ ಬರುವುದಿಲ್ಲ.

ಮೈದಾನಕ್ಕೆ ಅಂಟಿಕೊಂಡಿರುವ ಗದ್ದೆಯವರು ಇದುವರೆಗೆ ಒಂದು ಮಾತೂ ಆಡಿಲ್ಲ. ಬದುವಿನ ಕಡೆಯ ನಾಲ್ಕೈದು ಸಾಲು ಭತ್ತ, ಉಳಿದದ್ದು ತೆನೆ ತೂಗುವಾಗಲೂ ಹಸಿರಾಗಿಯೇ ನಿಂತಿತ್ತು. ಭತ್ತ ಇರುಳು ಉದ್ದವಾದದ್ದನ್ನು ಅರಿತು ಹೊಡೆ ಬಿಚ್ಚುವ ಬೆಳೆ; ಇರುಳೇ ಆಗದಿದ್ದರೆ ಅದು ಕಾಯುತ್ತಲೇ ಇರುತ್ತದೆ. ಅವರ ಮಗ ತಂಡದ ಗೋಲ್‌ಕೀಪರ್. ಅದಕ್ಕೇ ಅವರು ಸುಮ್ಮನಿದ್ದಾರೆ.

ಹುತ್ತರಿಯ ರಾತ್ರಿ

ಆ ಜನವರಿಗೂ ಸ್ವಲ್ಪ ಮೊದಲು ನಮ್ಮ ಸುಗ್ಗಿಯ ಹಬ್ಬ ಹುತ್ತರಿ ಬಂದಿತ್ತು. ಕಕ್ಕಬ್ಬೆಯ ಪಾಡಿ ಇಗ್ಗುತಪ್ಪನ ಸನ್ನಿಧಿಯಲ್ಲಿ ಗೊತ್ತುಮಾಡಿದ ಮುಹೂರ್ತಕ್ಕೆ ಕದಿರು ತೆಗೆಯಲು ಮನೆಯವರೆಲ್ಲ ಗದ್ದೆಗೆ ಇಳಿದೆವು. ತಳಿಯತಕ್ಕಿ ಬೊಳ್ಚ ನನ್ನ ಕೈಯಲ್ಲಿತ್ತು. ತಟ್ಟೆಯ ಅಕ್ಕಿಯ ಮೇಲಿನ ಆ ದೀಪ ಗಾಳಿಗೆ ಆರದಂತೆ ಸೆರಗು ಮರೆ ಮಾಡಿಕೊಂಡು ನಡೆಯುವುದು ನನಗೆ ಪ್ರತಿ ವರ್ಷ ಒಂದು ಪರೀಕ್ಷೆಯಂತೆ ಅನ್ನಿಸುತ್ತದೆ. ಆ ಸಲ ಮರೆ ಮಾಡಬೇಕೆಂದೇ ತೋಚಲಿಲ್ಲ. ಎದುರಿನ ಮೈದಾನದ ಬೆಳಕಿನಲ್ಲಿ ದೀಪ ಉರಿಯುತ್ತಿದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕಾಗಿತ್ತು. ಕೋವಿ ಹಿಡಿದಿದ್ದ ಹಿರಿಯರು ಪೂರ್ವದ ಕಡೆ ತಿರುಗಿ ನಿಂತರು. ಹುಣ್ಣಿಮೆಯ ಚಂದ್ರ ಬೆಟ್ಟದ ಮೇಲೆ ಬಂದಿದ್ದ, ಯಾರಿಗೂ ಬೇಡದ ತಗಡಿನ ತುಂಡಿನಂತೆ ತೋರುತ್ತಿದ್ದ.

ಮೈದುನನ ಮಗ ಮೊಬೈಲ್ ತೆಗೆದು ಯಾರಿಗೋ ಒಂದು ಮಾತು ಹೇಳಿದ. ಒಂದು ನಿಮಿಷವೂ ಆಗಿರಲಿಲ್ಲ. ನಾಲ್ಕು ಕಂಬಗಳೂ ಒಟ್ಟಿಗೆ ಆರಿದವು. ಗದ್ದೆ ಮೊದಲು ಕಪ್ಪಾಯಿತು, ಆಮೇಲೆ ಬೂದಿಯ ಬಣ್ಣಕ್ಕೆ ಬಂತು, ಆಮೇಲೆ ಒಂದೊಂದು ತೆನೆಯ ಮೇಲೂ ಬೆಳದಿಂಗಳು ಕೂತಿತು. ನನ್ನ ಕೈಯ ದೀಪ ಎಲ್ಲರ ಮುಖಕ್ಕೂ ಬಂತು. ಕೋವಿ ಹಾರಿತು, ಕದಿರು ಕೊಯ್ದರು, ‘ಪೊಲಿ ಪೊಲಿ ದೇವಾ’ ಎಂದು ನಾವು ಕೂಗಿದಾಗ ಕತ್ತಲಾದ ಮೈದಾನದಿಂದಲೂ ಅದೇ ಕೂಗು ಬಂತು. ಆಟ ನಿಲ್ಲಿಸಿ ಅಲ್ಲಿ ನಿಂತಿದ್ದ ಹುಡುಗರು ಕೂಗಿದ್ದು.

ಗ್ರಾಮಸಭೆಯಲ್ಲಿ ಆ ಕಾರ್ಯದರ್ಶಿಗೆ ನಾನು ಇದನ್ನು ನೆನಪಿಸಬೇಕಾಗಿತ್ತು. ಅಂದು ಹೇಳಲಿಲ್ಲ, ಮಾರ್ಚಿನಲ್ಲಿ ಅವನ ಮನೆಗೇ ಹೋಗಿ ಹೇಳಿದೆ. ಎಲೆಕ್ಟ್ರಿಷಿಯನ್ ತಿಳಿಸಿದ್ದನ್ನೂ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡು, "ಒಂದು ಭಾನುವಾರ ಏಣಿ ತರಿಸುತ್ತೇನೆ ಟೀಚರ್" ಎಂದ. ತರಿಸಿದ. ಕತ್ತಲಾದ ಮೇಲೆ ಹುಡುಗರು ಕಂಬ ಹತ್ತಿದರು, ನಾನು ನನ್ನ ಕಣದಲ್ಲಿ ಮೊಬೈಲ್ ಹಿಡಿದು ನಿಂತೆ. "ಟೀಚರ್, ಈಗ ದೀಪದ ಕಣ್ಣು ಕಾಣುತ್ತಿದೆಯಾ?" "ಕಾಣುತ್ತಿದೆ, ಇನ್ನೂ ಸ್ವಲ್ಪ ಬಗ್ಗಿಸು." "ಈಗ?" "ಈಗ ಇಲ್ಲ." ಮನೆಯಿಂದ ನೋಡಿದರೆ ನೆಲ ಬೆಳಗಿರುವುದು ಕಾಣಬೇಕು, ದೀಪದ ಕಣ್ಣು ಕಾಣಬಾರದು, ನಮ್ಮ ಅಳತೆ ಅಷ್ಟೇ. ಮೂರು ಕಂಬ ಮುಗಿಯುವ ಹೊತ್ತಿಗೆ ಒಂಬತ್ತಾಯಿತು. ನಾಲ್ಕನೆಯದರ ತಿರುಪು ತುಕ್ಕು ಹಿಡಿದು ಅಲ್ಲಾಡಲಿಲ್ಲ. ಎಣ್ಣೆ ಬಿಟ್ಟು ನೋಡಿದರು, ಆಗಲಿಲ್ಲ. ಆಮೇಲೆ ಮಳೆ ಹಿಡಿಯಿತು. ಈಗ ಮೈದಾನದಲ್ಲಿ ನೀರು ನಿಂತಿದೆ, ದೀಪ ಹಚ್ಚುವವರಿಲ್ಲ. ಆ ನಾಲ್ಕನೆಯ ಕಂಬ ಅತ್ತೆಯ ಕಿಟಕಿಗೆ ನೇರ. ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬ ಕಳೆದು ಆಟ ಶುರುವಾಗುವ ಮೊದಲು ಹೊಸ ತಿರುಪು ಹಾಕುತ್ತೇವೆ ಎಂದಿದ್ದಾನೆ. ಕಂಬಳಿಯನ್ನು ಇನ್ನೂ ಬಿಚ್ಚಿಲ್ಲ.